ಮೂಡಣದ ಕಡಲು

“ಐದಾದ ಮೇಲೆ ಏಳು ಬರುವುದು ಯಾವ ಊರಿನ ಎಣಿಕೆ, ಧೃತಿ?”

ಜಿತೇಂದ್ರ ಸರ್ ಹಾಳೆಗಳ ಕಟ್ಟನ್ನು ಮೇಜಿನ ಗಾಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಅವರ ಬಲಗೈಯಲ್ಲಿ ಎರಡು ಸಿಂಹಮುಖದ ದಪ್ಪ ಬೆಳ್ಳಿ ಕಡಗ. ಅದು ಗಾಜಿಗೆ ತಾಗಿ ಸಣ್ಣಗೆ ಸದ್ದು ಮಾಡಿತು. ಮಣಿಪಾಲದ ಈ ಆಫೀಸಿನಲ್ಲಿ ಎರಡು ವರ್ಷದಿಂದ ಪ್ರವಾಸಿ ಕೈಪಿಡಿಗಳ ಪುಟ ಜೋಡಿಸುತ್ತಿರುವ ನನಗೆ ಆ ಸದ್ದು ಗೋಡೆ ಗಡಿಯಾರದಷ್ಟೇ ಪರಿಚಿತ.

ಮೊದಲ ಹಾಳೆಯಲ್ಲಿ ‘ಚೆನ್ನೈ: ನಡೆದು ನೋಡುವವರಿಗೆ’ ಎಂದಿತ್ತು. ಕೆಳಗೆ ನನ್ನ ಅಪ್ಪನ ಹೆಸರು. ತಾರಾನಾಥ, ಕುಕ್ಕುಂದೂರು, ಕಾರ್ಕಳ.

ಚೆನ್ನೈಗೆ ಹೋಗುತ್ತೇನೆಂದು ಮನೆ ಬಿಟ್ಟ ಅಪ್ಪ ಕಾಣೆಯಾಗಿ ಆ ಶನಿವಾರಕ್ಕೆ ಹತ್ತು ದಿನ. ಫೋನು ಸತ್ತಿತ್ತು. ಹಿಂದಿನ ಸಂಜೆ ಮಾತ್ರ, ಒಂದು ಸಾಲಿನ ಕುಶಲವೂ ಇಲ್ಲದೆ, ಅವರ ಮೇಲ್‌ನಿಂದ ಈ ಅಧ್ಯಾಯಗಳು ಬಂದು ಬಿದ್ದಿದ್ದವು.

“ಮೊದಲ ಐದನ್ನು ನಿಮ್ಮ ಅಪ್ಪ ಎರಡು ತಿಂಗಳ ಹಿಂದೆಯೇ ಕೊಟ್ಟಿದ್ದರು. ಈಗ ಏಳರಿಂದ ಹನ್ನೆರಡು. ಆರು ಎಲ್ಲಿ?”

“ಮರೆತಿರಬಹುದು ಸರ್.”

“ತಾರಾನಾಥ ಮರೆಯುವ ಜನ ಅಲ್ಲ.” ಅವರು ಎದ್ದು ಕಿಟಕಿಯ ಬಳಿ ಹೋದರು. “ಇರಲಿ. ಬದುಕಿದ್ದಾರಲ್ಲ, ಅದು ಮುಖ್ಯ. ಠಾಣೆಗೂ ಕಳುಹಿಸಿದ್ದೇನೆ. ಮನುಷ್ಯ ಚೆನ್ನೈಯಲ್ಲಿ ಕೂತು ಪುಸ್ತಕ ಬರೆಯುತ್ತಿದ್ದಾನೆ, ಇದರಲ್ಲಿ ಕಾಣೆಯಾದದ್ದು ಎಂತ ಎಂದು ಕೇಳಿದರು. ಸೋಮವಾರ ಫೈಲು ಮುಚ್ಚುತ್ತಾರಂತೆ.”

ಫೈಲು ಮುಚ್ಚಿದರೆ ಈ ಜಿಲ್ಲೆಯಲ್ಲಿ ಅಪ್ಪನನ್ನು ಹುಡುಕುವವರು ಇಬ್ಬರೇ ಉಳಿಯುತ್ತಾರೆ. ಒಬ್ಬಳು ನಾನು. ಇನ್ನೊಬ್ಬರು ಮೂಲೆಯ ಕುರ್ಚಿಯಲ್ಲಿ ಕೂತು ಇಷ್ಟು ಹೊತ್ತು ಬಾಯಿ ಬಿಡದೆ ಚಹಾ ಕುಡಿಯುತ್ತಿದ್ದ ರೋಸಲಿನ್ ಬಾಯಮ್ಮ.

ಬಾಯಮ್ಮ ಕಲ್ಯಾಣಪುರದವರು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಮೇಲೆ ಜನರ ಖಾಸಗಿ ಹುಡುಕಾಟಗಳನ್ನು ಹಚ್ಚಿಕೊಂಡಿದ್ದಾರೆ. ಓಡಿಹೋದ ಮದುಮಗನಿಂದ ಹಿಡಿದು ಕಳೆದುಹೋದ ಪಮೇರಿಯನ್ ನಾಯಿಯವರೆಗೆ ಯಾವುದನ್ನೂ ಸಣ್ಣದೆಂದು ಬಿಟ್ಟವರಲ್ಲ.

“ಪುಟಗಳಲ್ಲಿ ಲಾಡ್ಜಿನ ಹೆಸರು ಉಂಟಾ?” ಎಂದು ಕೇಳಿದರು.

“ನಾನು ಅದನ್ನೇ ರಾತ್ರಿ ಇಡೀ ಹುಡುಕಿದೆ. ಇಲ್ಲ.” ಜಿತೇಂದ್ರ ಸರ್ ನನ್ನ ಕಡೆ ತಿರುಗಿದರು. ದನಿ ಮೆತ್ತಗಾಯಿತು. “ಮಗಳು ಓದಿದರೆ ಏನಾದರೂ ಹೊಳೆದೀತು. ಹೊಳೆದರೆ ಮೊದಲು ನನಗೆ ಹೇಳು. ಠಾಣೆಗೆ ಆಮೇಲೆ. ಅವರು ಗಡಿಬಿಡಿ ಮಾಡಿ ಕೆಡಿಸುತ್ತಾರೆ.”

ಅಪ್ಪ ಕಾಣೆಯಾದಂದಿನಿಂದ ದಿನಕ್ಕೆ ಎರಡು ಸಲ ಫೋನು ಮಾಡಿ ನನ್ನನ್ನು ವಿಚಾರಿಸುತ್ತಿದ್ದವರು ಅವರೊಬ್ಬರೇ. ನಾನು ಆಗಲಿ ಸರ್ ಎಂದೆ.

ಬಾಯಮ್ಮನ ಸ್ಕೂಟರು ಉಡುಪಿ ದಾಟಿ ಹೆದ್ದಾರಿಯಲ್ಲಿ ತೆಂಕಿಗೆ ತಿರುಗಿತು. ಹೊರಟದ್ದು ಕಾಪುವಿಗೆ, ಇಮ್ತಿಯಾಝ್ ಎಂಬವರನ್ನು ನೋಡಲು. ಪೇಟೆಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿರುವ, ಗಲ್ಫಿನಿಂದ ವಾಪಸು ಬಂದ ಮನುಷ್ಯ. ಅಪ್ಪನ ಚೆನ್ನೈ ಟಿಕೆಟ್ ಮಾಡಿದ್ದು ಅವರು. ಅದೇ ದಿನ ಅಂಗಡಿಯೊಳಗೆ ಇಬ್ಬರೂ ಜೋರು ಜಗಳವಾಡಿದ್ದನ್ನು ಪಕ್ಕದ ಜ್ಯೂಸಿನ ಅಂಗಡಿಯವರು ಕೇಳಿದ್ದರು. ಆ ಜಗಳದ ನಂತರ ಅಪ್ಪನನ್ನು ಕಂಡವರಿಲ್ಲ.

“ಧೃತಿ, ಒಂದು ಮಾತು,” ಬಾಯಮ್ಮ ಹೆಲ್ಮೆಟಿನೊಳಗಿಂದಲೇ ಕೂಗಿದರು. “ಆ ಇನ್ಸುಲಿನ್ ವಿಷಯ ಮತ್ತೊಮ್ಮೆ ಹೇಳು.”

“ಎಷ್ಟು ಸಲ ಬಾಯಮ್ಮ.”

“ಇನ್ನೊಂದು ಸಲ. ನನಗೆ ವಯಸ್ಸಾಯ್ತು ಮಾರಾಯ್ತಿ.”

ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಗಿಗೊಂದು, ಸಂಜೆಗೊಂದು ಇನ್ಸುಲಿನ್ ಪೆನ್ನು. ಎರಡೂ ಒಂದೇ ತರ ಕಾಣುತ್ತವೆಂದು ಸಂಜೆಯ ಪೆನ್ನಿಗೆ ಹಳದಿ ಟೇಪು ಸುತ್ತಿಡುತ್ತಾರೆ. ಅವರು ಹೋದ ಮರುದಿನ ನಾನು ಮಣಿಪಾಲದ ಪಿ.ಜಿ.ಯಿಂದ ಕುಕ್ಕುಂದೂರಿಗೆ ಓಡಿದಾಗ ಎರಡೂ ಫ್ರಿಜ್ಜಿನ ಬಾಗಿಲಲ್ಲೇ ಇದ್ದವು. ಊರಿಗೆ ಹೋಗುವವರು ಜೀವವನ್ನೇ ಬಿಟ್ಟು ಹೋಗುತ್ತಾರಾ? ಭಾನುವಾರ ಮತ್ತೆ ಹೋದಾಗ ಪೆನ್ನುಗಳು ಇರಲಿಲ್ಲ. ಹಾಳಾಗುತ್ತದೆಂದು ಬಿಸಾಡಿದೆ ಎಂದಳು ಅಮ್ಮ.

“ಬಿಸಾಡಿದ್ದು,” ಎಂದರು ಬಾಯಮ್ಮ. “ಗಂಡ ಬರುವ ಮೊದಲೇ.”

“ಅಮ್ಮನ ತಲೆ ಸರಿ ಇಲ್ಲ ಈಗ. ಮನೆಯಲ್ಲಿ ನಿಲ್ಲುವುದೇ ಇಲ್ಲ. ಇವತ್ತು ಯಾವ ದೇವಸ್ಥಾನಕ್ಕೆ ಹೋಗಿದ್ದಾಳೋ.”

ಬಾಯಮ್ಮ ಸ್ಕೂಟರಿನ ವೇಗ ಏರಿಸಿದರು.

ಕಾಪು ಪೇಟೆ ಮುಟ್ಟುವಾಗ ಟ್ರಾವೆಲ್ಸ್‌ನ ಶಟರು ಅರ್ಧ ಎಳೆದಿತ್ತು. ನಮಾಝಿಗೆ ಹೋಗಿದ್ದಾರೆ, ಅರ್ಧ ಗಂಟೆ ಎಂದರು ಜ್ಯೂಸಿನವರು.

“ಅಜ್ಜಿ ಮನೆಯಲ್ಲಿ ಕೂರೋಣವಾ? ಕಡಲ ಬದಿಯಲ್ಲೇ ಉಂಟು,” ಎಂದೆ ನಾನು. ಅಮ್ಮನ ತಾಯಿ ವಾರಿಜಜ್ಜಿ ಕಾಪುವಿನ ದೋಣಿ ಮನೆಯವಳು. ನನ್ನನ್ನು ಎಂಟು ವರ್ಷದವರೆಗೆ ಸಾಕಿದ್ದು ಅವಳು, ಅವಳ ಕಥೆಗಳು.

ಹೇಳಿದ ಮೇಲೆ ನೆನಪಾಯಿತು. ನಿನ್ನೆ ಫೋನಿನಲ್ಲಿ ಅಜ್ಜಿ, “ಈ ವಾರ ಬರಬೇಡ ಮಗಾ, ಮೀನಿಲ್ಲ,” ಎಂದಿದ್ದಳು. ಮೀನಿಲ್ಲವೆಂದು ಅಜ್ಜಿ ಯಾರನ್ನೂ ಬರಬೇಡ ಎಂದದ್ದು ನನಗೆ ಗೊತ್ತಿಲ್ಲ. ಮೀನಿಲ್ಲದ ದಿನ ಮೀನಿನ ಕಥೆ ಹೇಳಿ ಊಟ ಮಾಡಿಸಿದವಳು.

“ಬೇಡ,” ಎಂದರು ಬಾಯಮ್ಮ. “ಅಜ್ಜಿ ಮನೆಗೆ ಹೋದರೆ ಎರಡು ಗಂಟೆ. ಕಡಲು ನೋಡುವ.”

ಲೈಟ್‌ಹೌಸಿನ ಬಂಡೆಯ ಕೆಳಗೆ ಕೂತೆವು. ಇಳಿಬಿಸಿಲು ನೀರಿನಿಂದ ಎದ್ದು ಬಂದು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಪ್ರವಾಸಕ್ಕೆ ಬಂದ ಕುಟುಂಬವೊಂದು ಹೊಯ್ಗೆಯ ಮೇಲೆ ಒಬ್ಬರ ಹೆಜ್ಜೆಯೊಳಗೆ ಒಬ್ಬರು ಕಾಲಿಟ್ಟು ನಡೆಯುತ್ತಿತ್ತು.

ಅಜ್ಜಿಯ ಒಂದು ಕಥೆ ಹೀಗೇ ಶುರುವಾಗುತ್ತಿತ್ತು. ಅಣ್ಣನನ್ನು ಹಿಡಿಯಲು ಅರಸನ ಆಳುಗಳು ಬರುತ್ತಾರೆ. ತಂಗಿ ಅಣ್ಣನ ಮೆಟ್ಟುಗಳನ್ನು ತೊಟ್ಟು ಹೊಯ್ಗೆಯ ಮೇಲೆ ದೂರ ದೂರಕ್ಕೆ ನಡೆಯುತ್ತಾಳೆ. ಆಳುಗಳು ಹೆಜ್ಜೆಯ ಬೆನ್ನು ಹತ್ತಿ ಹೋಗುತ್ತಾರೆ. ಅಣ್ಣ ಮನೆಯ ಅಟ್ಟದಲ್ಲೇ ಕೂತಿರುತ್ತಾನೆ. ಅಲ್ಲಿಗೆ ಬರುವಷ್ಟರಲ್ಲಿ ನನಗೆ ನಿದ್ದೆ. ಆ ಕಥೆಯ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ.

“ಕನಸು ಕಾಣಬೇಡ. ಓದು,” ಎಂದರು ಬಾಯಮ್ಮ.

ನಾನು ಏಳನೆಯ ಅಧ್ಯಾಯ ತೆಗೆದು ಗಟ್ಟಿಯಾಗಿ ಓದಿದೆ.

“‘ಸಾಂತೋಮ್ ಚರ್ಚು ನೋಡಿದ ಮೇಲೆ ಆಟೋ ಹಿಡಿಯಬೇಡಿ. ಉತ್ತರಕ್ಕೆ ನಡೆಯಿರಿ. ಕಡಲು ಎಡಗೈಯ ಬದಿಗೆ ಜೊತೆಯಾಗಿ ಬರುತ್ತದೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ಲೈಟ್‌ಹೌಸು. ಮಧ್ಯಾಹ್ನ ಮೂರರ ಮೇಲೆ ಹೋಗುವವರು ಟೊಪ್ಪಿ ಮರೆಯಬೇಡಿ, ಬಿಸಿಲು ಕಡಲಿನಿಂದ ನೇರ ಮುಖಕ್ಕೆ ಬರುತ್ತದೆ.’”

ಕಣ್ಣೆತ್ತಿದೆ. ಎದುರಿಗೆ ಕಡಲು. ಮುಖದ ಮೇಲೆ ಬಿಸಿಲು. ಬೆನ್ನಿಗೆ ಲೈಟ್‌ಹೌಸು. ಉತ್ತರಕ್ಕೆ ತಿರುಗಿ ನಿಂತರೆ ಅಲೆಯ ಸದ್ದು ಎಡ ಕಿವಿಗೆ. ಅಪ್ಪ ಈ ಕ್ಷಣ ಇಲ್ಲೇ ಎಲ್ಲೋ ನಡೆಯುತ್ತಿದ್ದಾರೆ ಎನಿಸಿತು. ಓದಿದ್ದೆಲ್ಲ ಅಷ್ಟು ಸರಿಯಾಗಿ ಕಣ್ಣೆದುರು ಬಂದು ಕೂತಿತ್ತು.

“ಎಷ್ಟು ಚಂದ ಬರೆದಿದ್ದಾರೆ,” ಎಂದೆ.

ಬಾಯಮ್ಮ ನನ್ನ ಕೈಯಿಂದ ಹಾಳೆ ಕಿತ್ತುಕೊಂಡರು. ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು.

“ನಾನು ಹೋದ ವರ್ಷ ವೇಳಾಂಕಣಿಗೆ ಹೋಗಿದ್ದೆ, ಗೊತ್ತುಂಟಲ್ಲ?”

“ಹರಕೆ ತೀರಿಸಲಿಕ್ಕೆ.”

“ಹೌದು. ಚರ್ಚಿನಿಂದ ಹೊರಗೆ ಬಂದು ಲಾಡ್ಜಿಗೆ ಹೊರಟೆ. ಲಾಡ್ಜು ಕಡಲಿಗೆ ಬೆನ್ನು ಹಾಕಿದ ಬದಿಯಲ್ಲಿ. ಸಂಜೆಯಾಗಿತ್ತು. ಸೂರ್ಯ ಇಳಿಯುವ ಕಡೆ ಕಡಲು ತಾನೆ, ಅದಕ್ಕೆ ಸೂರ್ಯನಿಗೆ ಬೆನ್ನು ಹಾಕಿ ನಡೆದೆ. ಮೂವತ್ತೊಂದು ವರ್ಷ ಪೊಲೀಸು ಕೆಲಸ ಮಾಡಿದವಳು, ನೇರ ಹೋಗಿ ನೀರಿಗೆ ಮುಟ್ಟಿದೆ.” ಅವರು ನಗಲಿಲ್ಲ. “ಆಚೆ ಕರಾವಳಿಯಲ್ಲಿ ಕಡಲಿರುವುದು ಮೂಡು ಬದಿಯಲ್ಲಿ, ಧೃತಿ. ಚೆನ್ನೈಯಲ್ಲಿಯೂ. ಉತ್ತರಕ್ಕೆ ನಡೆದರೆ ಅದು ಬಲಕ್ಕೆ ಬರಬೇಕು. ಮೂರು ಗಂಟೆಯ ಬಿಸಿಲು ಬೆನ್ನಿಗೆ ಬೀಳಬೇಕು, ಮುಖಕ್ಕಲ್ಲ.”

ನಾನು ಉಳಿದ ಹಾಳೆಗಳನ್ನು ತಿರುವಿದೆ. ಎಂಟನೆಯ ಅಧ್ಯಾಯದಲ್ಲಿ ಮೈಲಾಪುರದ ದೇವಸ್ಥಾನದಿಂದ ಕಡಲಿಗೆ ಪಶ್ಚಿಮದ ದಾರಿ. ಹತ್ತರಲ್ಲಿ ‘ಕಡಲಿನ ಮೇಲಿನ ಸಂಜೆಗೆಂಪು’. ರಾತ್ರಿ ಇಡೀ ಇದನ್ನು ಓದಿದವರು ಹಿರಿಯಡ್ಕದ ಜಿತೇಂದ್ರ ಸರ್. ಈಗಷ್ಟೇ ಓದಿದವಳು ನಾನು. ಓದಿದ ಪೊಲೀಸರೂ ಈ ಜಿಲ್ಲೆಯವರು. ಯಾರ ಕಣ್ಣಿಗೂ ಏನೂ ಚುಚ್ಚಿರಲಿಲ್ಲ. ನಮಗೆಲ್ಲ ಕಡಲು ಇರುವುದೇ ಪಡುವಣದಲ್ಲಿ.

“ಅಪ್ಪ ಪ್ರಾಯದಲ್ಲಿ ಒಂಬತ್ತು ವರ್ಷ ಮೈಲಾಪುರದ ಹೋಟೆಲಿನಲ್ಲಿದ್ದವರು,” ಎಂದೆ. “ನಸುಕಿಗೆ ಕಡಲಿನಿಂದ ಸೂರ್ಯ ಏಳುವುದನ್ನು ನೋಡಿಯೇ ಇಡ್ಲಿಗೆ ಒಲೆ ಹಚ್ಚುತ್ತಿದ್ದೆವು ಎನ್ನುತ್ತಿದ್ದರು. ಅವರು ಹೀಗೆ ಬರೆಯುವುದಿಲ್ಲ.”

“ಇಲ್ಲ. ಇದನ್ನು ಬರೆದವರು ಚೆನ್ನೈಯನ್ನು ನಿಮ್ಮ ಅಪ್ಪನ ಟಿಪ್ಪಣಿಯಲ್ಲಿ ನೋಡಿದ್ದಾರೆ, ಕಡಲನ್ನು ಇಲ್ಲಿ ನೋಡಿದ್ದಾರೆ. ಅದೂ ಅಪರೂಪಕ್ಕೆ ನೋಡಿದವರಲ್ಲ. ಹುಟ್ಟಿದಂದಿನಿಂದ ಕಡಲನ್ನು ಇಟ್ಟುಕೊಂಡೇ ದಿಕ್ಕು ಹೇಳುವವರು.”

ಕಾಪುವಿನವರು. ಅಪ್ಪನ ಟಿಪ್ಪಣಿ ಕೈಗೆ ಸಿಕ್ಕಿದ ಕಾಪುವಿನವರು. ಇಬ್ಬರ ಬಾಯಿಗೂ ಒಂದೇ ಹೆಸರು ಬಂತು, ಇಮ್ತಿಯಾಝ್.

ಬಾಯಮ್ಮ ನಮಾಝ್ ಮುಗಿಯಿತೋ ನೋಡಲು ಸ್ಕೂಟರಿನ ಕಡೆ ನಡೆದರು. ನನ್ನ ಫೋನು ಅದುರಿತು. ಜಿತೇಂದ್ರ ಸರ್.

“ಏನಾದರೂ ಹೊಳೆಯಿತಾ?”

ನನಗೆ ತಡೆಯಲಾಗಲಿಲ್ಲ. ಹತ್ತು ದಿನದಲ್ಲಿ ಮೊದಲ ಸಲ ಏನೋ ಒಂದು ಕೈಗೆ ಹತ್ತಿತ್ತು. “ಸರ್, ಅಪ್ಪ ಚೆನ್ನೈಯಲ್ಲಿ ಇಲ್ಲ. ಪುಟಗಳನ್ನು ಬರೆದದ್ದು ಬೇರೆಯವರು. ಈ ಕಾಪು ಕಡಲ ಬದಿಯವರು ಯಾರೋ.” ಎಡಗೈ, ಬಲಗೈ, ಬಿಸಿಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಆಚೆ ಕಡೆ ಕಡಗ ಎಲ್ಲಿಗೋ ತಾಗಿದ ಸದ್ದು.

“ಜಾಣೆ,” ಎಂದರು. “ನಿನ್ನ ಅಮ್ಮನ ತವರು ಕಾಪುವೇ ಅಲ್ವಾ?”

“ಹೌದು ಸರ್. ಲೈಟ್‌ಹೌಸಿನ ತೆಂಕು ಬದಿಗೆ.”

“ಅಲ್ಲೇ ಇರು. ನಾನೂ ಬರುತ್ತೇನೆ.”

ಎಷ್ಟು ಒಳ್ಳೆಯವರು ಎಂದುಕೊಂಡೆ.

ಇಮ್ತಿಯಾಝ್ ಅವರಿಗೆ ಐವತ್ತರ ಹತ್ತಿರ. ಗಡ್ಡದಲ್ಲಿ ಅರ್ಧ ಬಿಳಿ. ಕಂಪ್ಯೂಟರಿನ ಹಿಂದೆ ಕೂತು ನಮ್ಮಿಬ್ಬರನ್ನೂ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು, ಟಿಕೆಟಿಗೆ ಬಂದವರಲ್ಲ ಎಂದು.

“ತಾರಾನಾಥಣ್ಣನ ಮಗಳಲ್ವಾ. ಕೂತುಕೊಳ್ಳಿ.”

ಬಾಯಮ್ಮ ಕೂರಲಿಲ್ಲ. ಶಟರನ್ನು ಇನ್ನಷ್ಟು ಕೆಳಗೆಳೆದರು.

“ಸಾಂತೋಮ್ ಚರ್ಚಿನಿಂದ ಮರೀನಾ ಲೈಟ್‌ಹೌಸಿಗೆ ನಡೆಯುತ್ತಿದ್ದೀರಿ. ಕಡಲು ಯಾವ ಕೈಗೆ?”

“ಬಲಕ್ಕೆ.”

ಯೋಚಿಸಲೂ ಇಲ್ಲ. ನೆತ್ತಿಯ ಟೊಪ್ಪಿ ಸರಿ ಮಾಡುತ್ತಾ ಹೇಳಿದರು. ಬಾಯಮ್ಮನ ಹುಬ್ಬು ಮೇಲೇರಿತು.

“ಚೆನ್ನೈಗೆ ಹೋಗಿದ್ದೀರಾ?”

“ಇಲ್ಲ.”

“ಮತ್ತೆ ಹೇಗೆ ಗೊತ್ತು? ಹುಟ್ಟಿದ್ದು ಇಲ್ಲೇ ತಾನೆ?”

“ಈ ಕಡಲ ಬದಿಯಲ್ಲೇ. ಆದರೆ ಬಾಯಮ್ಮ, ನಾನು ಹನ್ನೊಂದು ವರ್ಷ ಅಲ್ ಖೋಬರ್‌ನಲ್ಲಿದ್ದೆ. ಸೌದಿಯ ಮೂಡು ಕರಾವಳಿ. ಹೋದ ದಿನ ಕ್ಯಾಂಪಿನಲ್ಲಿ ನಮಾಝಿಗೆ ನಿಲ್ಲಬೇಕು. ಕಿಟಕಿಯಲ್ಲಿ ಕಡಲು ಕಾಣುತ್ತಿತ್ತು. ನಮ್ಮ ಊರಿನಲ್ಲಿ ನಾವು ಪಡುವಣಕ್ಕೆ, ಕಡಲ ಕಡೆಗೆ ಮುಖ ಮಾಡಿಯೇ ನಿಲ್ಲುವುದಲ್ವಾ. ನಾನು ಕಡಲು ನೋಡಿದೆ, ಚಾಪೆ ಹಾಸಿದೆ, ನಿಂತೆ.” ಅವರು ಕೈಯಿಂದ ಬಾಯಿ ಒರೆಸಿಕೊಂಡರು. “ತಿರುಗಿ ನೋಡುತ್ತೇನೆ, ರೂಮಿನ ಏಳು ಜನ ನನಗೆ ಬೆನ್ನು ಹಾಕಿ ನಿಂತಿದ್ದಾರೆ. ಎಲ್ಲರೂ ಕಾಸರಗೋಡು, ಮಂಗಳೂರಿನವರು. ಅವರೂ ಮೊದಲ ದಿನ ಹಾಗೇ ನಿಂತವರಂತೆ. ಅದಕ್ಕೇ ನನಗೆ ಮೊದಲೇ ಹೇಳಲಿಲ್ಲ. ಹನ್ನೊಂದು ವರ್ಷ ಅದೇ ತಮಾಷೆ. ಈಗ ಯಾವ ಊರಿನ ಹೆಸರು ಕೇಳಿದರೂ ನಾನು ಮೊದಲು ನೋಡುವುದು ಕಡಲು ಯಾವ ಬದಿಗೆ ಎಂದು.”

ಬಾಯಮ್ಮ ಮೆಲ್ಲನೆ ಕುರ್ಚಿ ಎಳೆದು ಕೂತರು. ನನ್ನ ಕಡೆ ನೋಡಿ ತಲೆ ಅಡ್ಡ ಆಡಿಸಿದರು. ಈ ಮನುಷ್ಯ ಆ ತಪ್ಪು ಮಾಡುವುದಿಲ್ಲ. ಬೇಕೆಂದರೂ ಮಾಡಲಾರ.

“ಜಗಳ ಯಾಕೆ ಆಯಿತು?” ನಾನು ಕೇಳಿದೆ. ದನಿ ಏರಿತು. “ನನ್ನ ಅಪ್ಪನ ಹತ್ತಿರ ನೀವು ಎಂತ ಕೂಗಾಡಿದ್ದು?”

“ಕೂಗಿದ್ದು ನಾನೇ, ಹೌದು.” ಇಮ್ತಿಯಾಝ್ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. “ಟಿಕೆಟ್ ಮಾಡಿಸಿದರು. ಮಂಗಳೂರಿನಿಂದ ಚೆನ್ನೈಗೆ. ಇಲ್ಲೇ ಕೂತು ಚಹಾ ಕುಡಿದರು. ಒಂದು ಗಂಟೆ ಬಿಟ್ಟು ಕ್ಯಾನ್ಸಲ್ ಮಾಡು ಎಂದರು. ಮಾಡಿದೆ. ಆಮೇಲೆ ಹೇಳುತ್ತಾರೆ, ಯಾರಾದರೂ ಬಂದು ಕೇಳಿದರೆ ತಾರಾನಾಥ ಹೋದ, ನಾನೇ ಗಾಡಿ ಹತ್ತಿಸಿದೆ ಎಂದು ಹೇಳು ಇಮ್ತಿಯಾಝ್ ಎಂದು. ಅದು ನನ್ನಿಂದ ಆಗುವುದಿಲ್ಲ ಎಂದೆ. ಕೇಳದಿದ್ದರೆ ಬಾಯಿ ಬಿಡುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ. ಅದಕ್ಕೇ ಗಲಾಟೆ.”

“ಪೊಲೀಸರು ಕೇಳಲಿಲ್ಲವಾ?” ಎಂದರು ಬಾಯಮ್ಮ.

“ಟಿಕೆಟ್ ಮಾಡಿದ್ದು ನೀನಾ ಎಂದು ಕೇಳಿದರು. ಹೌದು ಎಂದೆ. ಕ್ಯಾನ್ಸಲ್ ಮಾಡಿದ್ದೂ ನೀನಾ ಎಂದು ಯಾರೂ ಕೇಳಲಿಲ್ಲ.”

ಬಾಯಮ್ಮ ಮೂವತ್ತೊಂದು ವರ್ಷದ ಇಲಾಖೆಯನ್ನು ಒಂದು ನಿಟ್ಟುಸಿರಿನಲ್ಲಿ ಹೊರಗೆ ಬಿಟ್ಟರು.

“ಯಾಕೆ ಹೀಗೆ ಎಂದು ಹೇಳಲಿಲ್ಲವಾ ಅಪ್ಪ?”

“ಒಬ್ಬನಿಗೆ ನಾನು ಚೆನ್ನೈಯಲ್ಲಿದ್ದೇನೆಂದು ನಂಬಿಕೆ ಬರಬೇಕು ಎಂದರು. ಹೆಸರು ಹೇಳಲಿಲ್ಲ. ಒಂದು ನೋಡಿದೆ ಮಗಳೇ. ಬಲಗೈಯನ್ನು ಹೊರಗೆ ತೆಗೆಯಲೇ ಇಲ್ಲ. ಶಾಲಿನೊಳಗೆ ಇಟ್ಟುಕೊಂಡೇ ಇದ್ದರು. ಚಹಾವನ್ನೂ ಎಡಗೈಯಲ್ಲೇ ಕುಡಿದರು.”

ಅಪ್ಪ ಬರೆಯುವುದು ಬಲಗೈಯಲ್ಲಿ.

“ಬೇರೆ ಯಾರು ಬಂದಿದ್ದರು ಕೇಳಿಕೊಂಡು?” ಬಾಯಮ್ಮನ ದನಿ ಈಗ ಠಾಣೆಯ ದನಿ.

“ನಿಮ್ಮ ಮಣಿಪಾಲದ ಸರ್. ಎರಡು ಸಲ.” ಇಮ್ತಿಯಾಝ್ ನನ್ನ ಮುಖ ನೋಡಿದರು. “ಅವರು ಟಿಕೆಟಿನ ಸುದ್ದಿಯನ್ನೇ ಎತ್ತಲಿಲ್ಲ. ತಾರಾನಾಥ ಇಲ್ಲಿ ಯಾವುದಾದರೂ ಕವರು ಇಟ್ಟಿದ್ದಾರಾ, ಫೋಟೋ ಇಟ್ಟಿದ್ದಾರಾ ಎಂದೇ ಕೇಳಿದ್ದು. ಇಲ್ಲ ಎಂದದ್ದಕ್ಕೆ ನನ್ನ ಎದುರಿಗೇ ಈ ಡ್ರಾಯರು ಎಳೆದು ನೋಡಿದರು.”

ಜ್ಯೂಸಿನಂಗಡಿಯ ಮಿಕ್ಸಿ ಒಮ್ಮೆ ಗರ್ರೆಂದು ನಿಂತಿತು.

“ಧೃತಿ,” ಎಂದರು ಬಾಯಮ್ಮ. “ಕಡಲ ಬದಿಯಲ್ಲಿ ನೀನು ಫೋನಿನಲ್ಲಿ ಮಾತಾಡುತ್ತಿದ್ದದ್ದು ಯಾರ ಹತ್ತಿರ?”

ಹೇಳಿದೆ. ಆಮೇಲೆ ಮೂರು ಸಲ ಅವರ ನಂಬರಿಗೆ ಒತ್ತಿದೆ. ಬರಬೇಡಿ ಎನ್ನಬೇಕಿತ್ತು, ತಪ್ಪಾಯಿತು ಎನ್ನಬೇಕಿತ್ತು. ರಿಂಗಾಯಿತು. ಎತ್ತಲಿಲ್ಲ.

ಬಾಯಮ್ಮ ಬಯ್ಯಲಿಲ್ಲ. ಸ್ಕೂಟರಿನ ಕೀ ಕೈಗೆತ್ತಿಕೊಂಡು, “ಅಜ್ಜಿ ಮನೆ ತೋರಿಸು,” ಎಂದರು.

ವಾರಿಜಜ್ಜಿ ಜಗಲಿಯಲ್ಲಿ ನಿಂತಿದ್ದಳು. ಎಪ್ಪತ್ತನಾಲ್ಕರಲ್ಲಿಯೂ ನೆಟ್ಟಗಿನ ಬೆನ್ನು. ಮೀನಿನ ಬುಟ್ಟಿ ಹೊತ್ತ ತಲೆ ಇವತ್ತಿಗೂ ಬಾಗಿಲ್ಲ. ನನ್ನನ್ನು ಕಂಡರೆ ಅಂಗಳಕ್ಕೇ ಇಳಿದು ಬರುವವಳು, ಈ ಸಲ ಬಾಗಿಲಿಗೆ ಅಡ್ಡ ನಿಂತಳು.

“ಬರಬೇಡ ಎಂದಿದ್ದೆನಲ್ಲ ಮಗಾ.”

“ನೀರು ಕುಡಿಯಬೇಕು ಅಜ್ಜಿ.”

ಅವಳ ತೋಳಿನ ಕೆಳಗಿನಿಂದ ಒಳಗೆ ನುಗ್ಗಿದೆ, ಸಣ್ಣವಳಿದ್ದಾಗ ನುಗ್ಗುತ್ತಿದ್ದಂತೆ. ಬಾಯಮ್ಮ ರಸ್ತೆಗೆ ಮುಖ ಮಾಡಿ ಜಗಲಿಯಲ್ಲೇ ಉಳಿದರು. ಅಡುಗೆಮನೆ ನಸುಗತ್ತಲೆ. ಫ್ರಿಜ್ಜು ತೆರೆದೆ. ನೀರಿನ ಬಾಟಲಿ, ಪುನರ್ಪುಳಿ ರಸ, ಹುಣಸೆ ಉಂಡೆ. ಮೀನಿಲ್ಲವೆಂದ ಮನೆಯಲ್ಲಿ ಒಂದು ತಟ್ಟೆ ತುಂಬ ತೊಳೆದಿಟ್ಟ ಬಂಗುಡೆ. ನಾಲ್ಕು ಜನರಿಗಾಗುವಷ್ಟು.

ಅದರ ಹಿಂದೆ ಸ್ಟೀಲಿನ ಸಣ್ಣ ಡಬ್ಬಿ. ಮುಚ್ಚಳ ತೆಗೆದೆ.

ಎರಡು ಪೆನ್ನು. ಒಂದಕ್ಕೆ ಹಳದಿ ಟೇಪು.

“ಅದನ್ನು ಅಲ್ಲೇ ಇಡು,” ಎಂದಳು ಅಜ್ಜಿ ಬೆನ್ನ ಹಿಂದಿನಿಂದ. “ಆರು ಗಂಟೆಗೆ ಬೇಕು.”

ನಾನು ತಿರುಗಿದೆ.

“ಎಲ್ಲಿ?”

ಅಜ್ಜಿ ಗಲ್ಲದಿಂದ ತೋರಿಸಿದಳು. ಹಿತ್ತಲಿನ ಬಾಗಿಲು ತೆರೆದಿತ್ತು. ಆಚೆ ತೆಂಗಿನ ಮರಗಳ ನಡುವೆ, ಕಡಲಿಗೆ ಮುಖ ಮಾಡಿದ ಹಳೆಯ ಬಲೆಯ ಕೊಟ್ಟಿಗೆ. ಅದರ ಬಾಗಿಲಲ್ಲಿ ಅಮ್ಮನ ನೀಲಿ ಸೀರೆಯ ಸೆರಗು ಗಾಳಿಗೆ ಆಡುತ್ತಿತ್ತು.

“ಹಿರಿಯಡ್ಕದ ತಿರುವಿನಲ್ಲಿ ಹಿಂದಿನಿಂದ ಕಾರು ಬಂದು ನಿನ್ನ ಅಪ್ಪನ ಸ್ಕೂಟರಿಗೆ ಗುದ್ದಿದೆ. ನಿಲ್ಲಿಸದೆ ಹೋಗಿದೆ. ಕೈ ಎರಡು ಕಡೆ ಮುರಿದಿದೆ,” ಎಂದಳು ಅಜ್ಜಿ. “ಮನೆಗೆ ಹೋದರೆ ಎರಡನೆಯ ಸಲ ಬರುತ್ತಾರೆ ಎಂದ. ಪುಟಗಳನ್ನು ಕಳುಹಿಸಿದರೆ ಚೆನ್ನೈಯಲ್ಲಿದ್ದಾನೆಂದು ನಂಬುತ್ತಾರೆ ಎಂದ. ಅವನು ನೋವಿನಲ್ಲಿ ಅರ್ಧ ಹೇಳಿ ಮಲಗುತ್ತಿದ್ದ. ಉಳಿದರ್ಧ ನಿನ್ನ ಅಮ್ಮ ಸೇರಿಸಿ ಬರೆದಳು.”

ಅಮ್ಮ. ಈ ಮನೆಯಲ್ಲಿ ಹುಟ್ಟಿ, ಈ ಕಡಲನ್ನು ಪಡುವಣಕ್ಕಿಟ್ಟುಕೊಂಡು ನಡೆಯಲು ಕಲಿತವಳು.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ.”

“ನೀನು ಆ ಜಿತೇಂದ್ರನ ಆಫೀಸಿನಲ್ಲಿ ದಿನಾ ಅವನ ಎದುರು ಕೂರುವವಳು. ನಿನ್ನ ಮುಖದಲ್ಲಿ ಎಲ್ಲ ಕಾಣುತ್ತದೆ.”

ಅವಳು ಅಕ್ಕಿಯ ಡಬ್ಬಕ್ಕೆ ಕೈ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಟ್ಟು ತೆಗೆದು ನನ್ನ ಕೈಗಿಟ್ಟಳು. ಅಪ್ಪನ ದುಂಡನೆಯ ಅಕ್ಷರ. ‘ಅಧ್ಯಾಯ ಆರು: ಹಳೆಯ ಸಾಮಾನುಗಳ ಬೀದಿ.’ ನಡುವೆ ಟಿಪ್ಪಣಿಗೆಂದು ಅಪ್ಪ ತೆಗೆದ ಒಂದು ಫೋಟೋ. ಚೆನ್ನೈಯ ಯಾವುದೋ ಸಣ್ಣ ಅಂಗಡಿಯ ಒಳಗು. ಅಂಗಡಿಯವನು ಗೇಣುದ್ದದ ಕಂಚಿನ ತೀರ್ಥಂಕರ ಮೂರ್ತಿಯೊಂದನ್ನು ಎರಡು ಕೈಯಲ್ಲಿ ಪಡೆಯುತ್ತಿದ್ದಾನೆ. ಆ ಮೂರ್ತಿಯನ್ನು ನಾನು ಬಲ್ಲೆ. ಕಾರ್ಕಳದ ಬದಿಯ ಸಣ್ಣ ಬಸದಿಯೊಂದರಿಂದ ಎರಡು ವರ್ಷದ ಹಿಂದೆ ಕಳವಾದಾಗ ಅದರ ಚಿತ್ರ ನಮ್ಮ ಊರಿನ ಪ್ರತಿ ಅಂಗಡಿಯ ಗೋಡೆಯಲ್ಲೂ ಇತ್ತು. ಕೊಡುತ್ತಿರುವವನ ಮುಖ ಚೌಕಟ್ಟಿನ ಹೊರಗೆ. ಒಳಗೆ ಬಂದದ್ದು ಬಲಗೈ ಮಾತ್ರ.

ಮಣಿಕಟ್ಟಿನಲ್ಲಿ ಎರಡು ಸಿಂಹಮುಖದ ಕಡಗ.

“ಮಗಾ,” ಅಜ್ಜಿ ನನ್ನ ಗಲ್ಲ ಹಿಡಿದೆತ್ತಿದಳು. “ಮೆಟ್ಟಿನ ಕಥೆಯ ಕೊನೆ ನೀನು ಒಮ್ಮೆಯೂ ಕೇಳಲಿಲ್ಲ. ಯಾವಾಗಲೂ ನಿದ್ದೆ. ಆ ಹೆಜ್ಜೆ ಅಣ್ಣನದ್ದಲ್ಲ ಎಂದು ಆಳುಗಳಿಗೆ ಹೇಳಿಕೊಟ್ಟದ್ದು ಯಾರು ಗೊತ್ತುಂಟಾ? ಮನೆಯದೇ ಮಗು, ತಂಗಿಯ ಮಗು. ಅಮ್ಮನ ಹೆಜ್ಜೆಯ ಗುರುತು ಹಿಡಿದೆನೆಂಬ ಖುಷಿಯಲ್ಲಿ.” ಅವಳ ಬೆರಳು ಬಿಗಿಯಾಯಿತು. “ಪುಟದ ವಿಷಯ ಯಾರಿಗಾದರೂ ಹೇಳಿದೆಯಾ?”

ನಾನು ಬಾಯಿ ತೆರೆದೆ. ಮಾತು ಬರುವ ಮೊದಲು ಜಗಲಿಯಿಂದ ಬಾಯಮ್ಮನ ದನಿ ಬಂತು, ತಗ್ಗಿಸಿದ ದನಿ.

“ಧೃತಿ. ನಿಮ್ಮ ಸರ್ ಕಾರು ಯಾವ ಬಣ್ಣದ್ದು?”

ಮೂಡು ಬದಿಯ ರಸ್ತೆಯಲ್ಲಿ ಕಾರಿನ ಬಾಗಿಲು ಮುಚ್ಚಿತು. ಆಮೇಲೆ ಗೇಟಿನ ಕಬ್ಬಿಣಕ್ಕೆ ಬೆಳ್ಳಿ ತಾಗಿದ ಸದ್ದು, ಸಣ್ಣಗೆ.